ತೆಂಗಿನಕಾಯಿ ಹೊತ್ತು ತೆಂಗಿನ ನಾಡಿಗೆ

ಜನ್ನಾಪುರ

ನಮ್ಮ ಕಡೆಯವರು ಹೆಣ್ಣು ನೋಡಲು ದೂರ ಹೋದರೆಂದರೆ ತರೀಕೆರೆಗೋ ತೀರ್ಥಹಳ್ಳಿಗೋ ಹೋಗುತ್ತಾರೆ. ತೀರಾ ದೂರವೆಂದರೆ ಹಾಸನ. ಹಾಸನದ ಸಂಬಂಧ ಬಂದಾಗಲೂ ಅಮ್ಮ, "ಅಷ್ಟು ದೂರ ಯಾರು ಓಡಾಡ್ತಾರೆ" ಎಂದು ಮೂಗು ಮುರಿದಿದ್ದಳು. ಅಂಥ ಅಮ್ಮನ ಒಬ್ಬನೇ ಮಗನಿಗೆ ಹೆಣ್ಣು ನೋಡಲು ನಾನೂ ನಮ್ಮ ಯಜಮಾನರೂ ಹೋದದ್ದು ಫಿಲಿಪ್ಪೀನ್ಸಿಗೆ.

ತಮ್ಮ ಮಂಜ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ರಿಪೇರಿ ಮಾಡುತ್ತಿದ್ದ. ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಮಾರಿಸೆಲ್. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಮಂಜ ಫೋನಿನಲ್ಲಿ ಅಮ್ಮನಿಗೆ ಇದಿಷ್ಟನ್ನೂ ಒಂದೇ ಉಸಿರಿಗೆ ಹೇಳಿ, "ನೀನು ಹೂಂ ಅಂದ್ರೆ ಮದುವೆ. ಹೂಂ ಅನ್ನದೇ ಇದ್ರೆ ನಾನು ಮದುವೇನೇ ಆಗಲ್ಲ" ಅಂದ. ಅಮ್ಮ ಅಳುತ್ತಾಳೆ, ಕೂಗಾಡುತ್ತಾಳೆ ಎಂದು ನಾನು ಕಾದೆ. ಅವಳು ರಿಸೀವರ್ ಇಟ್ಟು, ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಬುಟ್ಟಿ ಖಾಲಿಯಾದ ಮೇಲೆ ತೀರ್ಪು ಬಂತು.

"ನೀವಿಬ್ರೂ ಹೋಗಿ ಮನೆ ನೋಡ್ಕೊಂಡು ಬನ್ನಿ. ಹಿರಿಯರು ಯಾರು, ಎಂಥವರು, ನೋಡಿ. ಆಮೇಲೆ ನಾನು ಹೂಂ ಅಂತೀನೋ ಇಲ್ವೋ ಯೋಚ್ನೆ ಮಾಡ್ತೀನಿ."

ಮಂಜ ಟಿಕೇಟು ಕಳಿಸಿದ. ಮನಿಲಾದಲ್ಲಿ ತಾನೂ ಬಂದು ಸೇರಿಕೊಳ್ಳುತ್ತೇನೆ ಎಂದಿದ್ದವನಿಗೆ ಕೊನೆ ಗಳಿಗೆಯಲ್ಲಿ ರಜೆ ಸಿಗಲಿಲ್ಲ. ರಜೆಯ ಮೇಲೆ ಊರಿಗೆ ಹೋಗಿದ್ದ ಮಾರಿಸೆಲ್ಲೇ ನಮ್ಮನ್ನು ಎದುರುಗೊಳ್ಳುವುದೆಂದು ಆಯಿತು. ಅಂದರೆ ಹೆಣ್ಣು ನೋಡಲು ಬಂದವರನ್ನು ಹೆಣ್ಣೇ ಬಸ್ಸು ಹತ್ತಿಸಿ ಮನೆಗೆ ಕರೆದುಕೊಂಡು ಹೋಗುವ ಏರ್ಪಾಡು.

ಹೊರಡುವ ಹಿಂದಿನ ದಿನ ಅಮ್ಮ ನನಗೆ ಎರಡು ಅಪ್ಪಣೆ ಕೊಟ್ಟಳು. ಮೊದಲನೆಯದು, ಬರಿಗೈಲಿ ಹೋಗಬಾರದು. ಎಲೆ, ಅಡಿಕೆ, ಜುಟ್ಟು ಇರುವ ತೆಂಗಿನಕಾಯಿ ತೆಗೆದುಕೊಂಡು ಹೋಗಬೇಕು.

"ಅಮ್ಮಾ, ಅದು ತೆಂಗಿನ ದೇಶ ಅಂತೆ. ರಸ್ತೆ ಮೇಲೆ ಬಿದ್ದಿರ್ತಾವಂತೆ."

"ಇರ್ಲಿ. ಅವರ ಕಾಯಿ ಅವರಿಗೆ, ನಮ್ಮ ಕಾಯಿ ನಮಗೆ."

ಎರಡನೆಯದನ್ನು ನನ್ನ ಕೈ ಹಿಡಿದುಕೊಂಡು ಹೇಳಿದಳು. "ಮಾತು ಕೂಡೋವರೆಗೂ ಅವರ ಮನೇಲಿ ಅನ್ನ ಮುಟ್ಬೇಡ. ಉಂಡ್ರೆ ಋಣ ಬೀಳುತ್ತೆ. ಆಮೇಲೆ ಬೇಡ ಅನ್ನೋಕೆ ಬಾಯಿ ಬರಲ್ಲ."

ಇದು ನಮ್ಮಲ್ಲಿ ಗೊತ್ತಿರುವ ಶಾಸ್ತ್ರವೇ. ಹೆಣ್ಣಿನ ಮನೆಯ ಉಪ್ಪಿಟ್ಟು, ಕೇಸರಿಬಾತು, ಕಾಫಿಯವರೆಗೆ ಅಡ್ಡಿಯಿಲ್ಲ. ಎಲೆ ಹಾಕಿ ಉಣ್ಣುವುದು ಒಪ್ಪಿಗೆಯಾದ ಮೇಲೆಯೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಈ ಶಾಸ್ತ್ರಕ್ಕೆ ತಲೆಯಾಡಿಸಿ, ಮುನ್ನೆಚ್ಚರಿಕೆಯಾಗಿ ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡೆ.

ನಮ್ಮ ಯಜಮಾನರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ಇನ್ನೊಬ್ಬರಿಂದ ಭಾರ ಎತ್ತಿಸುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ನೀರಿನ ಲೋಟವೂ ಅವರ ಪಾಲಿಗೆ ಭಾರವೇ ಆದ್ದರಿಂದ ಅದನ್ನೂ ಬೇರೆಯವರೇ ಎತ್ತಿಕೊಡಬೇಕು.

ಮನಿಲಾ

ಮನಿಲಾದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದ ಅಧಿಕಾರಿ ಹಳದಿ ಟವೆಲ್ಲಿನ ಗಂಟನ್ನು ಮೆಲ್ಲಗೆ ಬಿಡಿಸಿದ. ಒಳಗೆ ಅರಿಶಿನ ಹಚ್ಚಿಸಿಕೊಂಡ ತೆಂಗಿನಕಾಯಿ ಜುಟ್ಟು ಬಿಟ್ಟುಕೊಂಡು ಕುಳಿತಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ. ಆಮೇಲೆ ಪಕ್ಕದ ಮೇಜಿನವರನ್ನೂ ಕರೆದ. ಎಲ್ಲರೂ ಬಂದು ದರ್ಶನ ಮಾಡಿದರು.

"ಇದನ್ನು ನಮ್ಮ ದೇಶಕ್ಕೆ ಯಾಕೆ ತಂದಿರಿ ಮೇಡಂ?"

"ತಮ್ಮನಿಗೆ ಹೆಣ್ಣು ಕೇಳೋದಕ್ಕೆ."

ಅವನು ಮನಸ್ಸಾರೆ ಅಭಿನಂದನೆ ಹೇಳಿದ. ಕಾಯಿಯನ್ನು ಮಾತ್ರ ಕೊಡಲಿಲ್ಲ. ಬೇರೆ ದೇಶದ ಕಾಯಿ, ಎಲೆ ಒಳಗೆ ಬಂದರೆ ಗಿಡಗಳಿಗೆ ರೋಗ ತಗಲುತ್ತದಂತೆ, ನಿಯಮವಂತೆ. ವೀಳ್ಯದೆಲೆಯೂ ಅಡಿಕೆಯೂ ಅದರ ಹಿಂದೆಯೇ ಹೋದವು. ಕೋಡುಬಳೆ ಡಬ್ಬಿಯನ್ನೂ ಸಾರಿನ ಪುಡಿಯ ಪೊಟ್ಟಣವನ್ನೂ ಮೂಸಿ ನೋಡಿ ಬಿಟ್ಟುಕೊಟ್ಟರು. ಅಮ್ಮನ ಮೊದಲ ಅಪ್ಪಣೆ ಹೀಗೆ ಕಸದ ಡಬ್ಬಿ ಸೇರಿತು. ಎರಡನೆಯದನ್ನಾದರೂ ಉಳಿಸಿಕೊಳ್ಳಬೇಕೆಂದು ನಾನು ಅಲ್ಲೇ ತೀರ್ಮಾನಿಸಿದೆ.

ಹೊರಗೆ ಮಾರಿಸೆಲ್ ಕಾಯುತ್ತಿದ್ದಳು. ಗುಂಡು ಮುಖ, ಕುಳ್ಳಗೆ, ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿ ಕೂರಿಸಿದರೆ ಕೂರುವಂಥ ಹುಡುಗಿ. ಅವಳು ನನ್ನ ಕೈ ಹಿಡಿದು, ಬಾಗಿ, ಹಣೆಗೆ ಒತ್ತಿಕೊಂಡಳು. ಹಿರಿಯರಿಗೆ ಅವರು ಹೀಗೆ ಮಾಡುತ್ತಾರಂತೆ. ಕಾಲಿಗೆ ಬೀಳುವುದಕ್ಕಿಂತ ಸುಲಭ, ಸೊಂಟಕ್ಕೂ ಒಳ್ಳೆಯದು. ನಮ್ಮ ಯಜಮಾನರು ತಮ್ಮ ಸರದಿ ಬರುವ ಮೊದಲೇ ಕೈ ಚಾಚಿ ನಿಂತಿದ್ದರು.

"ಅಕ್ಕ, ಪ್ರಯಾಣ ಸುಖವಾಯಿತಾ?" ಎಂದು ಕೇಳಿದಳು. 'ಅಕ್ಕ' ಎಂಬುದನ್ನು ಮಂಜ ಕಲಿಸಿದ್ದ. ಉಳಿದದ್ದೆಲ್ಲ ಇಂಗ್ಲಿಷು. ನನ್ನ ಮೇಷ್ಟ್ರಗಿರಿಯ ಇಂಗ್ಲಿಷು, ಅವಳ ಆಸ್ಪತ್ರೆಯ ಇಂಗ್ಲಿಷು ಸೇರಿ ಸಂಸಾರ ಹೇಗೋ ನಡೆಯುತ್ತಿತ್ತು.

ಬಸ್ಸಿನಲ್ಲಿ ಒಂದು ಹಗಲು

ಅಜ್ಜಿಯ ಊರು ಬಿಕೋಲ್ ಎಂಬ ಸೀಮೆಯಲ್ಲಿ, ಮನಿಲಾದಿಂದ ಒಂದು ಹಗಲಿನ ದಾರಿ. ಬಸ್ಸಿನ ಕಂಡಕ್ಟರನನ್ನು ನಮ್ಮ ಯಜಮಾನರು, "ಇದೇನಾ ಬಿಕೋಲಿನ ಬಸ್ಸು?" ಎಂದು ಕೇಳಿದರು. ಅವನು ಮಾತಾಡದೆ ಎರಡೂ ಹುಬ್ಬು ಮೇಲಕ್ಕೆ ಹಾರಿಸಿದ. ಇವರು ಮತ್ತೆ ಕೇಳಿದರು. ಅವನು ಮತ್ತೆ ಹಾರಿಸಿದ.

"ಎಂಥಾ ಕೊಬ್ಬು ನೋಡು ಇವನಿಗೆ! ನಮ್ಮ ಕಾರ್ಖಾನೇಲಿ ಆಗಿದ್ರೆ ಮೆಮೊ ಕೊಡ್ತಿದ್ದೆ."

ಹುಬ್ಬು ಹಾರಿಸಿದರೆ ಹೌದು ಎಂದು ಅರ್ಥವಂತೆ. ಮಾರಿಸೆಲ್ ನಗುತ್ತಾ ವಿವರಿಸಿದಳು. ಆಮೇಲೆ ಅದೇ ಕಂಡಕ್ಟರ್ ಟಿಕೇಟು ಬೇಕಾ ಎಂದು ಕೇಳಿದಾಗ ನಮ್ಮ ಯಜಮಾನರು ನಮ್ಮೂರಿನ ರೀತಿಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಅವನು ಬೇಡವೆಂದುಕೊಂಡು ಮುಂದೆ ಹೋದ. ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಬಸ್ಸಿನ ತುಂಬಾ ಎಲ್ಲರ ಹೆಬ್ಬೆರಳೂ ಮೊಬೈಲಿನ ಮೇಲೆ. ಜನ್ನಾಪುರದಲ್ಲಿ ಆಗಿನ್ನೂ ಮೊಬೈಲು ಇದ್ದವರು ಅದನ್ನು ಶರ್ಟಿನ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದರು, ಬಳಸುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಕ್ಕದ ಸೀಟಿನ ಹೆಂಗಸು ಬಾಳೆಲೆಯ ಪೊಟ್ಟಣ ಬಿಚ್ಚಿದಳು. ಅನ್ನ, ಹುರಿದ ಮೀನು. ನಮ್ಮ ಕಡೆ ತಿರುಗಿ, "ಕಾಯಿನ್ ತಾಯೊ" ಅಂದಳು. ಬನ್ನಿ, ಉಣ್ಣೋಣ ಎಂದು ಅರ್ಥ. ಅಷ್ಟನ್ನು ಮಂಜ ನಮಗೂ ಕಲಿಸಿದ್ದ.

"ಕರೀತಿದಾರೆ ಕಣೇ. ಬೇಡ ಅಂದ್ರೆ ಪಾಪ ಬೇಜಾರು ಮಾಡ್ಕೋತಾರೆ" ಎಂದು ನಮ್ಮ ಯಜಮಾನರು ಸರಿದು ಕುಳಿತವರೇ ಅರ್ಧ ಮೀನು ಮುಗಿಸಿದರು. ಆ ಹೆಂಗಸಿನ ಮಗ ಇವರ ಬಾಯಿಯನ್ನೇ ನೋಡುತ್ತಿದ್ದ. ಮಾರಿಸೆಲ್ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. ಅದು ಬಾಯಿಮಾತಿನ ಮರ್ಯಾದೆಯಂತೆ. ತಿನ್ನುವವರು ಯಾರು ಎದುರಿಗಿದ್ದರೂ ಹಾಗೆ ಕರೆಯಬೇಕು, ಕರೆಸಿಕೊಂಡವರು ನಗುತ್ತಾ ಬೇಡವೆನ್ನಬೇಕು. ನಮ್ಮಲ್ಲಿಯೂ ಬಾಗಿಲಲ್ಲಿ ನಿಂತು ದಾರಿಹೋಕರಿಗೆ 'ಬನ್ರೀ ಊಟಕ್ಕೆ' ಅನ್ನುತ್ತೇವೆ. ಹಾಗೆ ಅಂದದ್ದಕ್ಕೆ ಒಬ್ಬ ನಿಜವಾಗಿಯೂ ಒಳಗೆ ನುಗ್ಗಿ ತಟ್ಟೆ ಎಳೆದುಕೊಂಡರೆ ಹೇಗಿರುತ್ತದೋ ಹಾಗಾಗಿತ್ತು ನಮ್ಮ ಕಥೆ. ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಇನ್ನು ಮುಂದೆ ಈ ದೇಶದಲ್ಲಿ ಯಾರು ಎಷ್ಟೇ ಕರೆದರೂ ನಯವಾಗಿ ಬೇಡವೆನ್ನಬೇಕು ಎಂದು ಯಜಮಾನರಿಗೂ ತಾಕೀತು ಮಾಡಿದೆ. ಅಮ್ಮನ ಶಾಸ್ತ್ರವೂ ಈ ದೇಶದ ಮರ್ಯಾದೆಯೂ ಒಂದೇ ಆದದ್ದು ನನಗೆ ಬಹಳ ಸಮಾಧಾನ ಕೊಟ್ಟಿತು.

ಲೋಲಾಳ ಮನೆ

ಅಜ್ಜಿಗೆ ಅವರು ಲೋಲಾ ಅನ್ನುತ್ತಾರೆ. ಲೋಲಾಳ ಮನೆ ಒಂದು ಬೆಂಕಿಬೆಟ್ಟದ ಬುಡದಲ್ಲಿತ್ತು. ಬೆಟ್ಟ ನೆತ್ತಿಯಿಂದ ಸಣ್ಣಗೆ ಹೊಗೆ ಬಿಡುತ್ತಿತ್ತು. ಲೋಕದ ಪ್ರವಾಸಿಗಳು ಅದನ್ನು ನೋಡಿ ಬಾಯಿ ಬಿಡುತ್ತಾರಂತೆ. ಭದ್ರಾವತಿಯವರಿಗೆ ಹೊಗೆ ದೊಡ್ಡ ಸಂಗತಿಯಲ್ಲ. ನಮ್ಮ ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾವ ಶಿಫ್ಟು ನಡೀತಿದೆಯೋ" ಅಂದರು.

ಮನೆ ಬಿದಿರಿನದು. ಬಿದಿರಿನ ನೆಲ, ಬಿದಿರಿನ ಗೋಡೆ. ಒಬ್ಬರು ಮಗ್ಗುಲಾದರೆ ಮನೆಗೆಲ್ಲ ಗೊತ್ತಾಗುತ್ತದೆ. ಲೋಲಾ ಒಣಗಿದ ಬೆಂಡೆಕಾಯಿಯಂತೆ ತೆಳ್ಳಗೆ, ನೆಟ್ಟಗೆ ಇದ್ದಳು. ನಮ್ಮ ಖಾಲಿ ಕೈಗಳನ್ನು ಒಮ್ಮೆ ನೋಡಿದಳು. ವಿಮಾನ ನಿಲ್ದಾಣದ ಕಥೆಯನ್ನು ಮಾರಿಸೆಲ್ ಹೇಳಿದಳು. ಲೋಲಾ ನಗಲಿಲ್ಲ.

ಒಳಗಿನಿಂದ ಪರಿಮಳ ಬರುತ್ತಿತ್ತು. ಶುಂಠಿ, ಮಜ್ಜಿಗೆ ಹುಲ್ಲು, ಬೆಂದ ಕೋಳಿ, ಅದರ ಮೇಲೆ ಕಾಯಿಹಾಲು. ಕಾಯಿಹಾಲು ಎಂದರೆ ನಮಗೆ ಗೊತ್ತಿರುವುದು ಬೆಲ್ಲ ಏಲಕ್ಕಿ ಹಾಕಿ ಒತ್ತುಶ್ಯಾವಿಗೆಯ ಮೇಲೆ ಸುರಿದುಕೊಳ್ಳುವ ಕಾಯಿಹಾಲು. ಅದರೊಳಗೆ ಕೋಳಿ ಮುಳುಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾವು ಬರುತ್ತೇವೆಂದು ಲೋಲಾ ತನ್ನ ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದಿದ್ದಳು. ಗಡಿಗೆಯ ಮುಚ್ಚಳ ತೆಗೆದು, "ಕಾಯಿನ್ ತಾಯೊ" ಅಂದಳು.

ನಾನು ನಗುತ್ತಾ, "ಬೇಡ, ಹೊಟ್ಟೆ ತುಂಬಿದೆ" ಅಂದೆ.

ಯಜಮಾನರು ನನ್ನನ್ನು ನೋಡಿದ ನೋಟವನ್ನು ನಾನು ಜನ್ಮದಲ್ಲಿ ಮರೆಯಲಾರೆ. ಲೋಲಾ ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ನಕ್ಕು ಬೇಡವೆಂದೆ. ನಮ್ಮಲ್ಲಾದರೆ ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಬಡಿಸುತ್ತಾರೆ. ಹಾಗೆ ಬಲವಂತ ಮಾಡಿದ್ದರೆ ಯಜಮಾನರನ್ನು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲವೇನೋ. ಲೋಲಾ ಮೂರನೆಯ ಸಲ ಕೇಳಲಿಲ್ಲ. ಮುಚ್ಚಳ ಮುಚ್ಚಿದಳು. ಮಾರಿಸೆಲ್ಲಳ ಮುಖ ಬಿಳಿಚಿಕೊಂಡದ್ದನ್ನು ನಾನು ದಣಿವು ಅಂದುಕೊಂಡೆ.

ಮಲಗುವ ಕೋಣೆಯಲ್ಲಿ ಯಜಮಾನರು ಪಿಸುಗುಟ್ಟಿದರು. "ನಿಮ್ಮಮ್ಮನ ಶಾಸ್ತ್ರಕ್ಕೆ ಬೆಂಕಿ ಬೀಳ! ಆ ಡಬ್ಬಿ ತೆಗಿ ಮಾರಾಯ್ತಿ."

ಕೋಡುಬಳೆ ಚೆನ್ನಾಗಿ ಗರಿಗರಿಯಾಗಿದ್ದವು. ಅದೇ ಕಷ್ಟವಾಯಿತು. ಬಿದಿರಿನ ಮನೆಯಲ್ಲಿ ಕೋಡುಬಳೆಯನ್ನು ಸದ್ದಿಲ್ಲದೆ ತಿನ್ನುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಕಟುಂ ಎಂದಾಗಲೆಲ್ಲ ಗೋಡೆಯಾಚೆ ಲೋಲಾಳ ಮಂಚ ಕಿರ್ ಎನ್ನುತ್ತಿತ್ತು.

ಮರುದಿನ

ಬೆಳಿಗ್ಗೆ ಎದ್ದು ನೋಡುತ್ತೇನೆ, ನಮ್ಮ ಯಜಮಾನರು ಹಿತ್ತಲಿನಲ್ಲಿ ಸೌದೆ ಒಡೆಯುತ್ತಿದ್ದಾರೆ. ನಾನು ಕಣ್ಣುಜ್ಜಿಕೊಂಡೆ. ಮದುವೆಯಾದಾಗಿನಿಂದ ಕಾಣದ ದೃಶ್ಯ.

"ಏನ್ರೀ ಇದು?"

"ಆ ಅಜ್ಜಿ ಕೊಡಲಿ ಕೈಗೆ ಕೊಟ್ಟು, ತುಟಿ ಚೂಪು ಮಾಡಿ ಸೌದೆ ಕಡೆ ತೋರಿಸ್ತು. ಒಡೆದ್ರೆ ತಿಂಡಿ ಕೊಡುತ್ತೇನೋ ಅಂತ ಶುರು ಮಾಡ್ದೆ. ಒಂದು ರಾಶಿ ಆಯ್ತು. ಈಗ ನೀರು ತರೋಕೆ ಕೊಡ ತೋರಿಸ್ತಿದೆ."

ಲೋಲಾ ಜಗುಲಿಯ ಮೇಲೆ ಕುಳಿತು ಅವರ ಪ್ರತಿ ಏಟನ್ನೂ ನೋಡುತ್ತಿದ್ದಳು. ಇಪ್ಪತ್ತು ಜನರ ಮೇಲೆ ದರ್ಬಾರು ಮಾಡುವ ಫೋರ್‌ಮನ್ನರಿಗೆ ಕೊನೆಗೂ ಒಬ್ಬ ಮೇಲಧಿಕಾರಿ ಸಿಕ್ಕಿದ್ದಳು. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಅಡುಗೆಮನೆಯ ಬಾಗಿಲಿನವರೆಗೆ ಮಾತ್ರ ಉಳಿಯಿತು. ಅಲ್ಲಿ ಮಾರಿಸೆಲ್ ಒಲೆಯ ಪಕ್ಕದಲ್ಲಿ ಕುಳಿತು ಅಳುತ್ತಿದ್ದಳು.

"ನಿಮಗೆ ನಾನು ಬೇಡವಾ ಅಕ್ಕ?" ಅಂದಳು. "ಬೇಡವಾದರೆ ನನಗೇ ಹೇಳಬಹುದಿತ್ತು. ಅಜ್ಜಿಯ ಊಟವನ್ನು ಯಾಕೆ ಹಾಗೆ ತಳ್ಳಿದಿರಿ?"

ನಾನು ಅವಳ ಪಕ್ಕದಲ್ಲೇ ಕುಳಿತೆ. ನಿಧಾನವಾಗಿ ಕಥೆ ಹೊರಗೆ ಬಂತು. ಅವರಲ್ಲಿ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವಾಗ ಊಟವನ್ನು ತಾವೇ ಹೊತ್ತು ತರುತ್ತಾರೆ. ಇಲ್ಲವೇ ಬಂದು ಮಾಡುತ್ತಾರೆ. ಎರಡೂ ಮನೆಯವರು ಕೂತು ಉಂಡರೆ ಒಪ್ಪಿಗೆ. ನಾವು ಏನೂ ತರಲಿಲ್ಲ. ದೂರದವರು, ಗೊತ್ತಿಲ್ಲ ಪಾಪ ಎಂದು ಲೋಲಾ ತಾನೇ ಕೋಳಿ ಕೊಯ್ದು ನಮ್ಮ ಮಾನ ಉಳಿಸಲು ನೋಡಿದಳು. ಬಸ್ಸಿನಲ್ಲಿ ಕರೆದದ್ದು ಬಾಯಿಮಾತು, ಇದು ಅದಲ್ಲ. ನಾವು ಬೇಡವೆಂದೆವು. ಹೋಗಲಿ, ನಿಜವಾಗಿಯೂ ಹೊಟ್ಟೆ ತುಂಬಿರಬಹುದು ಎಂದುಕೊಂಡಳಂತೆ. ಆಮೇಲೆ ಗೋಡೆಯಾಚೆಯಿಂದ ಕಟುಂ ಕಟುಂ ಕೇಳಿಸಿತು.

"ಮತ್ತೆ ಈ ಸೌದೆ?"

"ಹಿಂದಿನ ಕಾಲದಲ್ಲಿ ಮದುವೆಯಾಗುವ ಹುಡುಗ ಹುಡುಗಿಯ ಮನೆಯಲ್ಲಿ ಸೌದೆ ಒಡೆದು, ನೀರು ಹೊತ್ತು ಸೇವೆ ಮಾಡಬೇಕಿತ್ತು. ಮಂಜು ಬಂದಿಲ್ಲವಲ್ಲ. ಇವರಿಗೆ ನಮ್ಮ ಊಟ ಹಿಡಿಸದಿದ್ದರೆ ಕೆಲಸವಾದರೂ ಹಿಡಿಸುತ್ತದೋ ನೋಡೋಣ ಎಂದು ಭಾವನಿಗೆ ಕೊಡಲಿ ಕೊಟ್ಟಳು. ಅವರು ಒಂದು ಮಾತೂ ಆಡದೆ ತೆಗೆದುಕೊಂಡರು. ಇಲ್ಲದಿದ್ದರೆ ನಿಮ್ಮನ್ನು ಮೊದಲ ಬಸ್ಸಿಗೇ ಕಳಿಸುತ್ತಿದ್ದಳು."

ಅಂದರೆ ನನ್ನ ತಮ್ಮನ ಮದುವೆ ಆ ಕ್ಷಣದಲ್ಲಿ ನಿಂತಿದ್ದದ್ದು ನಮ್ಮ ಯಜಮಾನರ ಹಸಿವಿನ ಮೇಲೆ. ನಾನು ಅಮ್ಮನ ಶಾಸ್ತ್ರವನ್ನು ಮಾರಿಸೆಲ್ಲಳಿಗೆ ವಿವರಿಸಿದೆ. ಮಾತು ಕೂಡುವ ಮೊದಲು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣಬಾರದು, ಉಂಡರೆ ಋಣ, ಎಂದು. ಅವಳು ಅಳುತ್ತಲೇ ನಗತೊಡಗಿದಳು. ಮೂಗು ಒರೆಸಿಕೊಂಡು ಹೋಗಿ ಲೋಲಾಳಿಗೆ ಹೇಳಿದಳು. ಲೋಲಾ ಎಲ್ಲವನ್ನೂ ಕೇಳಿ, ನನ್ನನ್ನು ಬಹಳ ಹೊತ್ತು ನೋಡಿದಳು.

"ನಾನೇ ಅಡುಗೆ ಮಾಡ್ತೀನಿ ಅಂತ ಹೇಳು" ಎಂದೆ. "ಗಂಡಿನ ಕಡೆಯ ಊಟ ನಿಮಗೆ ಸಿಗುತ್ತದೆ. ನನ್ನ ಅಡುಗೆ ನಾನು ಉಂಡರೆ ಅಮ್ಮನ ಮಾತೂ ಉಳಿಯುತ್ತದೆ."

ಕೋಳಿ ಅವರದು, ಕಾಯಿ ಅವರದು, ಒಲೆ, ಸೌದೆ, ಉಪ್ಪು ಎಲ್ಲ ಅವರದು. ಇದು ನಮ್ಮ ಊಟ ಹೇಗಾಯಿತು ಎಂದು ಯಾವ ವಕೀಲನಾದರೂ ಕೇಳಬಹುದು. ಲೋಲಾ ಕೇಳಲಿಲ್ಲ. ಒಂದೇ ಒಂದು ಷರತ್ತು ಹಾಕಿದಳು. ನಿನ್ನೆ ಯಾವುದನ್ನು ಬೇಡವೆಂದಿರೋ ಅದನ್ನೇ ಮಾಡಬೇಕು.

ಒಲೆಯ ಮುಂದೆ

ಕೋಳಿ ಸಾರು ನನಗೆ ಹೊಸದೇನಲ್ಲ. ಹಬ್ಬದ ಮಾರನೆಯ ದಿನ ಮನೆ ತುಂಬ ನೆಂಟರಿಗೆ ಕಡುಬು, ಕೋಳಿ ಸಾರು ಮಾಡಿ ಬಡಿಸಿದ ಕೈ ಇದು. ಆ ಧೈರ್ಯದಿಂದ ಸೆರಗು ಸಿಕ್ಕಿಸಿಕೊಂಡು, ಚೀಲದಿಂದ ಸಾರಿನ ಪುಡಿಯ ಪೊಟ್ಟಣ ತೆಗೆದೆ. ಬೆಂಚಿನ ಮೇಲೆ ಕುಳಿತಿದ್ದ ಲೋಲಾ ಪೊಟ್ಟಣವನ್ನು ನೋಡಿ ತುಟಿ ಬಿಗಿದಳು. ಪೊಟ್ಟಣ ಚೀಲಕ್ಕೆ ವಾಪಸ್ಸಾಯಿತು. ಧೈರ್ಯದ ಅರ್ಧ ಭಾಗವೂ ಅದರ ಜೊತೆ ಹೋಯಿತು.

ಅವರ ತುರಿಯುವ ಮಣೆಯನ್ನು ಕಂಡಾಗ ಮಾತ್ರ ನನಗೆ ಜೀವ ಬಂತು. ಥೇಟ್ ನಮ್ಮ ಮನೆಯದೇ! ಅದೇ ಹಲಗೆ, ಅದೇ ಹಲ್ಲು. ಕಾಲು ಮಡಚಿ ಕುಳಿತು ನಾಲ್ಕು ಕಾಯಿಯನ್ನು ಕರಟ ಮುಟ್ಟದಂತೆ ಬೆಳ್ಳಗೆ ತುರಿದೆ. ಲೋಲಾ ಬಗ್ಗಿ ಕರಟದ ಒಳಗೆ ಬೆರಳಾಡಿಸಿ ನೋಡಿದಳು. ಬೈಗುಳ ಸಿಗದೆ ಬೆರಳು ತೆಗೆದಳು. ತುರಿಯನ್ನು ಹಾಗೇ ಹಿಂಡಿ ಮೊದಲ ಹಾಲನ್ನು ಬೇರೆ ಇಡಬೇಕು. ಬಿಸಿನೀರು ಹಾಕಿ ಮತ್ತೆ ಹಿಂಡಿದ ತೆಳ್ಳನೆಯ ಹಾಲಿನಲ್ಲಿ ಕೋಳಿ ಬೇಯಬೇಕು. ಹಿಂಡಿ ಉಳಿದದ್ದನ್ನು ಮಾರಿಸೆಲ್ ಅಂಗಳದ ಕೋಳಿಗಳಿಗೆ ಎಸೆದಳು. ಆ ಊರಿನ ಕೋಳಿ ಬದುಕಿರುವಾಗ ತಿನ್ನುವುದೂ ತೆಂಗು, ಸತ್ತ ಮೇಲೆ ಬೇಯುವುದೂ ತೆಂಗಿನಲ್ಲೇ.

ಬೆಳ್ಳುಳ್ಳಿ, ಈರುಳ್ಳಿ, ಶುಂಠಿ ಬಾಡಿಸಿ, ಜಜ್ಜಿದ ಮಜ್ಜಿಗೆ ಹುಲ್ಲು ಹಾಕಿ, ಕೋಳಿ ಹಾಕಿದೆ. ಮೀನನ್ನು ಉಪ್ಪಿನಲ್ಲಿ ನೆನೆಹಾಕಿ ತೆಗೆದ ಅವರ ಉಪ್ಪುನೀರನ್ನು ಮೂಗು ಬಿಗಿಹಿಡಿದು ಸುರಿದೆ. ನಾಟಿ ಕೋಳಿ, ಬೇಯಲು ಅದಕ್ಕೇನೂ ಅವಸರವಿರಲಿಲ್ಲ. ಹೋಳು ಮಾಡಿದ ಪರಂಗಿ ಕಾಯಿ ಬಿತ್ತು. ಆಮೇಲೆ ಮಾರಿಸೆಲ್ ಒಂದು ಮಡಿಲು ಸೊಪ್ಪು ತಂದು ಸುರಿದಳು. ನೋಡಿದರೆ ನುಗ್ಗೆಸೊಪ್ಪು! ಪರದೇಶದಲ್ಲಿ ಪಕ್ಕದ ಮನೆಯವರು ಸಿಕ್ಕ ಹಾಗಾಯಿತು. ನಾನು ಅದನ್ನು ಬಿಡಿಸುತ್ತಿದ್ದ ವೇಗ ನೋಡಿ ಲೋಲಾ ಬೆಂಚನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

ಕೊನೆಗೆ ಮೊದಲ ಹಾಲು ಹಾಕಿ, ಅಭ್ಯಾಸಬಲದಿಂದ ಮುಚ್ಚಳ ಮುಚ್ಚಿದೆ. ಲೋಲಾ ಹಾರಿ ಬಂದು ಮುಚ್ಚಳ ಕಿತ್ತುಕೊಂಡಳು. ಮುಚ್ಚಿದರೆ ಹಾಲು ಒಡೆಯುತ್ತದಂತೆ. ಅವಳು ಮುಚ್ಚಳವನ್ನು ಗುರಾಣಿಯಂತೆ ಹಿಡಿದು ನಿಂತಳು. ನಾನು ಉಸಿರು ಬಿಗಿಹಿಡಿದು ಸೌಟು ಆಡಿಸಿದೆ. ಹಾಲು ಒಡೆಯಲಿಲ್ಲ.

ಯಜಮಾನರು ನೀರಿನ ಕೊಡ ಇಳಿಸಿ ಬಂದು ರುಚಿ ನೋಡಿದರು. "ಸಪ್ಪೆ ಮಾರಾಯ್ತಿ. ಬಾಣಂತಿಗೆ ಮಾಡಿದ ಹಾಗಿದೆ."

ನನ್ನ ಮಾನ ಕೆಣಕಿದಂತಾಯಿತು. ಮೂಲೆಯಲ್ಲಿ ಜೀರಿಗೆ ಮೆಣಸಿನಂಥ ಪುಟ್ಟ ಮೆಣಸಿನಕಾಯಿಗಳಿದ್ದವು. ಪರದೇಶದವರು ಖಾರ ತಿನ್ನುವುದಿಲ್ಲ, ಅಲಂಕಾರಕ್ಕೆ ಇಟ್ಟುಕೊಂಡಿರಬೇಕು ಎಂದುಕೊಂಡೆ. ಶಿವಮೊಗ್ಗ ಜಿಲ್ಲೆಯ ಖಾರ ಏನೆಂದು ತೋರಿಸೋಣವೆಂದು ಒಂದು ಹಿಡಿ ಹಾಕಿದೆ. ಲೋಲಾ ನನ್ನ ಹಿಡಿಯನ್ನು ನೋಡಿ, ತಾನೂ ಅಷ್ಟೇ ಹಾಕಿದಳು.

ಊಟಕ್ಕೆ ಕುಳಿತೆವು. ನಾನೇ ಬಡಿಸಿದೆ. ಲೋಲಾ ಮೊದಲ ತುತ್ತು ಬಾಯಿಗಿಟ್ಟಳು. ಮಾರಿಸೆಲ್ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಮಸ್ಕತ್ತಿನಲ್ಲಿ ನನ್ನ ತಮ್ಮ ಯಾವುದೋ ಯಂತ್ರದ ಹೊಟ್ಟೆಯೊಳಗೆ ತಲೆಯಿಟ್ಟುಕೊಂಡು ಏನೂ ಅರಿಯದೆ ಇದ್ದಾನಲ್ಲ ಎಂದು ನನಗೆ ಅನಿಸಿತು. ನಾನು ತಡೆಯಲಾರದೆ ಕೇಳಿದೆ. "ಆಗಬಹುದಾ ಅಂತ ಕೇಳು ಮಾರಿಸೆಲ್."

ಲೋಲಾ ಅಗಿಯುತ್ತಲೇ 'ಇನ್ನಷ್ಟು ಸಾರು' ಎಂಬಂತೆ ತಟ್ಟೆಯನ್ನು ನನ್ನ ಕಡೆ ತಳ್ಳಿ, ಎರಡೂ ಹುಬ್ಬುಗಳನ್ನು ಹಾರಿಸಿದಳು.

ಮಾರಿಸೆಲ್ ಅಳುತ್ತಿದ್ದಳು, ಸಂತೋಷಕ್ಕೆ. ನಾನೂ ಯಜಮಾನರೂ ಅಳುತ್ತಿದ್ದೆವು, ಖಾರಕ್ಕೆ. ಬಿಕೋಲಿನವರು ಆ ದೇಶದಲ್ಲೇ ಖಾರಕ್ಕೆ ಹೆಸರಾದವರು ಎಂಬುದನ್ನು ಯಾರಾದರೂ ಮೊದಲೇ ಹೇಳಬಹುದಿತ್ತು. ಲೋಲಾ ಮಾತ್ರ ತಣ್ಣಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಏನೋ ಕೇಳಿದಳು.

"ನಿಮ್ಮ ಕಡೆಯ ಒಪ್ಪಿಗೆ ಆಯಿತಾ ಎಂದು ಕೇಳುತ್ತಿದ್ದಾರೆ" ಅಂದಳು ಮಾರಿಸೆಲ್.

"ನಾನು ಒಪ್ಪಿದೆ. ಅಮ್ಮನ ಹೂಂ ಅಮ್ಮನ ಬಾಯಿಂದಲೇ ಬರಬೇಕು."

ಲೋಲಾ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಂತೆ ಕಂಡಿತು. ಆ ಸಂಜೆ ಪೇಟೆಯ ಫೋನಿನಿಂದ ಅಮ್ಮನಿಗೆ ಎಲ್ಲ ಹೇಳಿದೆ.

"ಕಾಯಿಹಾಲಿಗೆ ಬೆಲ್ಲ ಹಾಕ್ತಾರೆ, ಕೋಳಿ ಹಾಕ್ತಾರೇನೇ?" ಎಂದಳು. ಆಮೇಲೆ, "ಅಲ್ವೇ, ಹೆಣ್ಣು ಕೇಳೋಕೆ ಹೋದೋಳು ನೀನೇ ಅಡುಗೆ ಮಾಡಿ ಬಡಿಸಿ, ಅಳಿಯಂದ್ರು ಸೌದೆ ಒಡೆದು... ನೀವು ಹೆಣ್ಣು ಕೇಳೋಕೆ ಹೋಗಿದ್ರೋ, ನನ್ನ ಮಗನ್ನ ಕೊಟ್ಟು ಬರೋಕೆ ಹೋಗಿದ್ರೋ?" ಅಂದಳು. ಆಗ ನನಗೆ ಅವಳ ಭಯ ಏನೆಂದು ತಿಳಿಯಿತು. ದೂರದ ಸೊಸೆ ಬರುತ್ತಾಳಲ್ಲ ಎಂಬುದು ಅವಳ ಚಿಂತೆಯಾಗಿರಲಿಲ್ಲ. ಮಗ ಅತ್ತಲಾಗಿ ಹೋಗಿಬಿಡುತ್ತಾನೆ ಎಂಬುದು ಅವಳನ್ನು ತಿನ್ನುತ್ತಿತ್ತು.

"ಹೂಂ ಅಂತೀಯೇನಮ್ಮಾ?"

"ಅವರು ಇಲ್ಲಿಗೆ ಬರ್ಲಿ. ಮುಖ ನೋಡಿ ಹೇಳ್ತೀನಿ."

ಮತ್ತೆ ಜನ್ನಾಪುರ

ಮಂಜನಿಗೆ ರಜೆ ಸಿಕ್ಕಾಗ ಅವನು, ಮಾರಿಸೆಲ್, ಲೋಲಾ ಮೂವರೂ ಬಂದರು. ಕೇರಿಯವರೆಲ್ಲ ಕಾಂಪೌಂಡಿಗೆ ಒರಗಿ ನಿಂತು ನೋಡಿದರು. ಲೋಲಾ ಕಾರ್ಖಾನೆಯ ಚಿಮಣಿಯ ಹೊಗೆ ನೋಡಿ, ಇದು ಯಾವಾಗ ಸಿಡಿಯುತ್ತದೆ ಎಂದು ಕೇಳಿದಳಂತೆ.

ಅಮ್ಮ ಬೆಳಿಗ್ಗೆಯಿಂದ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಂಡಿರಲಿಲ್ಲ. ಕಡುಬಿಗೆ ಹಿಟ್ಟು ಮಾಡುತ್ತಿರಬೇಕು ಎಂದುಕೊಂಡಿದ್ದೆ. ಬಾಗಿಲಲ್ಲಿ ಇಣುಕಿದರೆ, ಅವಳು ಬಟ್ಟೆಯಲ್ಲಿ ಕಾಯಿತುರಿ ಕಟ್ಟಿಕೊಂಡು ಹಾಲು ಹಿಂಡುತ್ತಿದ್ದಳು. ಪಕ್ಕದಲ್ಲಿ ಬಿಡಿಸಿಟ್ಟ ನುಗ್ಗೆಸೊಪ್ಪು. ಬೆಲ್ಲದ ಡಬ್ಬಿ ಮೇಲಿನ ಅಟ್ಟಣಿಗೆಯಲ್ಲೇ ಇತ್ತು. ನನ್ನನ್ನು ಕಂಡು, "ಮುಚ್ಚಬಾರದು ಅಂದಿದ್ಯಲ್ಲ, ಮುಚ್ಚಿಲ್ಲ. ಹೋಗು" ಎಂದು ಗದರಿದಳು.

ಸಂಜೆ ತಟ್ಟೆ ಹಾಕಿದಳು. ಲೋಲಾ ಕೈ ಮುಗಿದು, ಹೊಟ್ಟೆ ಸವರಿಕೊಂಡು ತೋರಿಸಿದಳು. ತುಂಬಿದೆ, ಬೇಡ. ಅಮ್ಮ ಇನ್ನೊಮ್ಮೆ ಕರೆದಳು. ಮತ್ತೆ ಅದೇ ನಗು, ಅದೇ ಕೈಮುಗಿತ. ಮಾರಿಸೆಲ್ ಕೂಡ ತಲೆ ತಗ್ಗಿಸಿ ಅಜ್ಜಿಯ ಹಿಂದೆಯೇ ಕೋಣೆಗೆ ಹೋದಳು. ಮಂಜನ ಮುಖದಲ್ಲಿ ಹನಿ ರಕ್ತವಿರಲಿಲ್ಲ.

"ಬೆಳಿಗ್ಗೆಯಿಂದ ರಟ್ಟೆ ಬೀಳೋ ಹಾಗೆ ಹಿಂಡಿದೀನಿ" ಅಂದಳು ಅಮ್ಮ. "ನನ್ನ ಕೈ ಊಟ ಆಯಮ್ಮನಿಗೆ ಆಗಲ್ವಾ? ಹಾಗಾದ್ರೆ ನನ್ನ ಮಗ ಹೆಂಗೆ ಆಗ್ತಾನೆ?"

ಆಗ ಕೋಣೆಯ ಕಡೆಯಿಂದ ಒಂದು ಸದ್ದು ಕೇಳಿಸಿತು. ಕಟುಂ. ಸ್ವಲ್ಪ ತಡೆದು ಮತ್ತೆ, ಕಟುಂ.

ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನನಗೆ ನಗು ತಡೆಯಲಾಗಲಿಲ್ಲ.

"ಅಮ್ಮಾ, ಆಯಮ್ಮ ನಿನ್ನ ಶಾಸ್ತ್ರ ನಡೆಸ್ತಿದಾರೆ. ಮಾತು ಕೂಡೋವರೆಗೂ ಒಬ್ಬರ ಮನೇಲಿ ಒಬ್ಬರು ಉಣ್ಣಬಾರದು ಅಂತ ನಾನೇ ಹೇಳಿ ಬಂದಿದ್ದೆ. ನೀನಿನ್ನೂ ಹೂಂ ಅಂದಿಲ್ವಲ್ಲ."

ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಮಂಜ ನೆಲ ನೋಡುತ್ತಿದ್ದ. ಅವನು ಈ ಹೊತ್ತಿನವರೆಗೆ ಅವಳನ್ನು ಒಂದು ಸಲವೂ ಬಲವಂತ ಮಾಡಿರಲಿಲ್ಲ. ಅಮ್ಮ ಅವನ ಬಾಗಿದ ಕತ್ತನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆಗೆ ಅನ್ನ ಹಾಕಿ, ಮೇಲೆ ಕಾಯಿಹಾಲಿನ ಕೋಳಿ ಬಡಿಸಿ, ತಾನೇ ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲು ತಳ್ಳಿದಳು.

ಲೋಲಾ ಮಂಚದ ಮೇಲೆ ಬಿಸ್ಕೇಟಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ.

"ಒಪ್ಪಿದೆ ಕಣಮ್ಮ, ಉಣ್ಣು" ಅಂದಳು ಅಮ್ಮ. ಭಾಷೆ ತಿಳಿಯಲಿಲ್ಲವೇನೋ ಎಂದು, ನಾನು ಹೇಳಿದ ಕಥೆಯನ್ನು ನೆನಪು ಮಾಡಿಕೊಂಡವಳಂತೆ, ತನ್ನ ಎರಡೂ ಹುಬ್ಬುಗಳನ್ನು ಮೇಲಕ್ಕೆ ಹಾರಿಸಿದಳು. ಅಭ್ಯಾಸವಿಲ್ಲದ್ದರಿಂದ ಅವುಗಳ ಜೊತೆ ಕಿವಿಯೂ ಅಲುಗಿತು.

ಲೋಲಾ ಅರ್ಧ ಕಚ್ಚಿದ ಬಿಸ್ಕೇಟನ್ನು ಪೊಟ್ಟಣದೊಳಗೆ ವಾಪಸ್ಸು ಇಟ್ಟು, ತಟ್ಟೆಗೆ ಕೈ ಚಾಚಿದಳು.